ನಲವತ್ತೇಳನೆಯ ಕಲ್ಲು

ಫೆಬ್ರವರಿ ೬, ಮಂಗಳವಾರ

ಚರ್ಚಿನ ಸ್ಮಶಾನ ಸಮಿತಿಯವರು ಆಗುವುದಿಲ್ಲ ಅಂದುಬಿಟ್ಟರು. ಮೂವರು ಮುದುಕರು, ಒಂದು ಮೇಜು, ಒಂದು ತಟ್ಟೆ ಬಿಸ್ಕತ್ತು. ದಾಖಲೆ ಇಲ್ಲದೆ ಯಾವ ಕಲ್ಲಿನ ಮೇಲೂ ಹೆಸರು ಕೆತ್ತಿಸುವಂತಿಲ್ಲವಂತೆ. ಹತ್ತು ವರ್ಷದ ಹಿಂದೆ ಒಂದೇ ಕಲ್ಲಿಗಾಗಿ ಎರಡು ಮನೆಯವರು ಕೈಕೈ ಮಿಲಾಯಿಸಿದ ಮೇಲೆ ಮಾಡಿಕೊಂಡ ನಿಯಮ.

"ಎಂಬತ್ತು ವರ್ಷದಿಂದ ಆ ಕಲ್ಲಿಗೆ ಹೂ ಇಡ್ತಿರೋದು ನಮ್ಮನೆಯವರು. ನೀವು ಕಣ್ಣಾರೆ ನೋಡಿಲ್ವಾ?" ಅಂದೆ.

"ನೋಡಿದೀವಿ, ಮಿಸ್ ಆರ್ಡಿತ್. ಹೂ ಯಾರು ಬೇಕಾದ್ರೂ ಇಡಬಹುದು. ಹೆಸರಿಗೆ ಕಾಗದ ಬೇಕು," ಅಂದ ಕ್ಲೀಟಸ್. ಇವನ ಮೂರು ಮಕ್ಕಳನ್ನೂ ನನ್ನ ಶಾಲಾ ಬಸ್ಸಿನಲ್ಲಿ ಹನ್ನೆರಡು ವರ್ಷ ಸಾಗಿಸಿದ್ದೇನೆ. ಒಂದು ದಿನವೂ ತಪ್ಪು ತಿರುವಿನಲ್ಲಿ ಇಳಿಸಿಲ್ಲ. ಅದಕ್ಕೆ ಕಾಗದ ಕೇಳಿದ್ದನೇ ಇವನು?

ನನಗೆ ಗೊತ್ತಿರುವುದನ್ನು ನನಗೇ ಬರೆದುಕೊಳ್ಳುವುದು ಹುಚ್ಚುತನ. ಆದರೂ ತಲೆ ನೆಟ್ಟಗಾಗಲಿ ಅಂತ ಬರೆಯುತ್ತೇನೆ. ೧೯೪೧ರಲ್ಲಿ ಅಣೆಕಟ್ಟಿನವರು ಸಾರ್ವಿಸ್ ಕಣಿವೆಯನ್ನು ಮುಳುಗಿಸುವ ಮೊದಲು ಅಲ್ಲಿನ ಗೋರಿಗಳನ್ನು ಅಗೆದು ನಮ್ಮ ಚರ್ಚಿನ ಹೆಬ್ರಾನ್ ಗುಡ್ಡದ ಮೇಲೆ ತಂದು ಹೂತರು. ಕಲ್ಲಿನ ಮೇಲೆ ಹೆಸರು ಕೆತ್ತಿಸಿರದ ಗೋರಿಗಳಿಗೆ ಹಳೆಯ ಹೊಳೆಗಲ್ಲನ್ನೇ ನೆಟ್ಟು ಒಂದೊಂದು ನಂಬರು ಕೊಟ್ಟರು. ಅಮ್ಮನ ತಮ್ಮ ಆರ್ವಿಲ್ ಅದಕ್ಕೂ ಹಿಂದಿನ ವರ್ಷ ಐದು ತಿಂಗಳಿನವನಾಗಿದ್ದಾಗ ತೀರಿಕೊಂಡಿದ್ದ. ಅಜ್ಜ ರೂಫಸ್ ನಲವತ್ತೇಳನೆಯ ಕಲ್ಲು ತೋರಿಸಿ "ಇದೇ ನಮ್ಮದು" ಅಂದ. ಅಂದಿನಿಂದ ಪ್ರತಿ ಮೇ ತಿಂಗಳು, ಗೋರಿಗಳನ್ನು ಸಿಂಗರಿಸುವ ಭಾನುವಾರ, ಅಜ್ಜಿ ಡೋಷಿಯಾ, ಆಮೇಲೆ ಅಮ್ಮ, ಹುಲ್ಲು ಕೆರೆದು, ಮಣ್ಣು ಗುಪ್ಪೆ ಮಾಡಿ, ಹೂವಿಟ್ಟು ಬಂದಿದ್ದಾರೆ.

ಅಮ್ಮನಿಗೆ ಈಗ ತೊಂಬತ್ತು. ಹೃದಯ ಸೋತಿದೆ, ಬೇಸಿಗೆ ಕಾಣುವುದು ಅನುಮಾನ ಎಂದಿದ್ದಾರೆ ಡಾಕ್ಟರು. ಆ ಕಲ್ಲಿನ ಪಕ್ಕದಲ್ಲೇ ಅವಳು ತನಗೆ ಜಾಗ ಇಡಿಸಿಕೊಂಡಿದ್ದಾಳೆ. ಅವಳಿಗೆ ಬೇಕಿರುವುದು ಒಂದೇ: ತಾನು ಅಲ್ಲಿ ಮಲಗುವ ಮೊದಲು ತಮ್ಮನ ಹೆಸರು ಅಲ್ಲಿರಬೇಕು. ಈ ಸಲದ ಸಿಂಗಾರದ ಭಾನುವಾರ ಮೇ ೧೯.

ಸಂಜೆ ಅಮ್ಮನ ಮನೆಗೆ ಹೋದೆ. ಹತ್ತು ನಿಮಿಷ ಇದ್ದೆ. ಆ ಕೋಣೆಯ ಬಿಸಿಗೆ, ಮುಲಾಮಿನ ವಾಸನೆಗೆ ಉಸಿರು ಕಟ್ಟುತ್ತದೆ.

ಫೆಬ್ರವರಿ ೮, ಗುರುವಾರ

ಕೋರ್ಟಿನ ನೆಲಮಾಳಿಗೆ. ದಾಖಲೆ ಕೋಣೆಯನ್ನು ನೋಡಿಕೊಳ್ಳುವವನು ಹೋಬರ್ಟ್ ಕ್ರಿಸ್ಪ್, ನಿವೃತ್ತ ಮೇಷ್ಟ್ರು. ಒಂದು ಪುಸ್ತಕ ಕೇಳಿದರೆ ಅದರ ಅಜ್ಜನ ಕಾಲದಿಂದ ಕತೆ ಹೇಳುತ್ತಾನೆ.

"ನಿಂತ್ಕೊಂಡೇ ಓದ್ತೀಯಲ್ಲಮ್ಮ, ಕುರ್ಚಿಗೇನು ಮುಳ್ಳಿದೆಯಾ?" ಅಂದ.

"ಮೂವತ್ತೊಂದು ವರ್ಷ ಬಸ್ ಓಡಿಸ್ತಾ ಸೀಟಲ್ಲೇ ಕೂತಿದ್ದೆ. ಕೂತಿದ್ದು ಸಾಕು," ಅಂದೆ.

ಮರಣದ ಪುಸ್ತಕದಲ್ಲಿ ಆರ್ವಿಲ್ ಇಲ್ಲ. ಜನನದಲ್ಲೂ ಇಲ್ಲ. ಆ ಕಾಲಕ್ಕೆ ಹೆರಿಗೆ ಮಾಡಿಸಿದ್ದು ಸೂಲಗಿತ್ತಿ, ಹೂತದ್ದು ಅಪ್ಪ. ನಡುವೆ ಗುಮಾಸ್ತನಿಗೆ ಏನು ಕೆಲಸ?

ಫೆಬ್ರವರಿ ೧೫

ಏನೂ ಇಲ್ಲ. ಪಕ್ಕದ ಜಿಲ್ಲೆಯ ಕೋರ್ಟಿಗೂ ಹೋಗಿಬಂದೆ. ಅಲ್ಲೂ ಇಲ್ಲ.

ಫೆಬ್ರವರಿ ೨೭, ಮಂಗಳವಾರ

ತಂಗಿ ಜೊರೆಟ್ಟಾ ಕೈಲಿ ಬೈಸಿಕೊಂಡೆ. ಅಮ್ಮನ ಜೊತೆ ಇರುವವಳು ಅವಳು, ಹಗಲೂ ರಾತ್ರಿ. ನಾನು ಬಂದು ಬಾಗಿಲಲ್ಲಿ ನಿಂತು, ಕಾರಿನ ಕೀಲಿ ಕೈಯಲ್ಲೇ ಹಿಡಿದು, ಹೊಸ ಸುದ್ದಿ ಹೇಳುತ್ತಿದ್ದೆ.

"ಅಕ್ಕ, ಆ ಕೀಲಿ ಕೆಳಗಿಡು. ಜಣಜಣ ಅಂತ ತಲೆ ತಿನ್ಬೇಡ," ಅಂದಳು.

"ಹೊರಡ್ಬೇಕು. ಮಧ್ಯಾಹ್ನದೊಳಗೆ ಚರ್ಚಿನ ಹಳೇ ಪುಸ್ತಕ ತೋರಿಸ್ತೀವಿ ಅಂದಿದಾರೆ."

"ನಿಂಗೆ ಬದುಕಿರೋರಿಗಿಂತ ಸತ್ತೋರೇ ಇಷ್ಟ. ಅವರು ಸೂಪು ಕುಡ್ಸು ಅನ್ನಲ್ಲ, ಮಗ್ಗುಲು ಬದಲಾಯ್ಸು ಅನ್ನಲ್ಲ."

ಅಮ್ಮ ಹಾಸಿಗೆಯಿಂದಲೇ "ಜೊರೆಟ್ಟಾ, ಬಿಡೇ. ಅವಳು ಹುಟ್ಟಿದಾಗ್ಲೇ ಕಾಲಿಗೆ ಚಕ್ರ ಕಟ್ಕೊಂಡ್ ಬಂದೋಳು," ಅಂದಳು. ನನ್ನ ಪರ ಮಾತಾಡಿದಳೋ, ಅವಳ ಪರವೋ, ಇನ್ನೂ ಗೊತ್ತಾಗಿಲ್ಲ.

ನಾನು ಓಡಾಡುತ್ತಿರುವುದು ಅಮ್ಮನಿಗಾಗಿ ಅಲ್ಲವೇ? ಸಿಟ್ಟು ಬಂತು. ಜೊರೆಟ್ಟಾ ಬೀನ್ಸ್ ಸಾರು, ಮೆಕ್ಕೆಜೋಳದ ಬ್ರೆಡ್ಡು ಕಟ್ಟಿಕೊಟ್ಟಿದ್ದಳು. ಕಾರಿನಲ್ಲೇ ತಿಂದೆ.

ಮಾರ್ಚ್ ೫, ಮಂಗಳವಾರ

ಹೋಬರ್ಟ್ ಇವತ್ತು ಉಪಯೋಗಕ್ಕೆ ಬರುವ ಒಂದು ಮಾತು ಹೇಳಿದ. ಅಣೆಕಟ್ಟಿನವರು ಗೋರಿ ಎತ್ತುವ ಮೊದಲು ಪ್ರತಿಯೊಂದಕ್ಕೂ ಒಂದು ಚೀಟಿ ಬರೆದಿದ್ದರಂತೆ: ಯಾರದು, ಹತ್ತಿರದ ನೆಂಟರು ಯಾರು, ಎತ್ತಬೇಕೋ ಬೇಡವೋ, ಸಹಿ.

"ಇದನ್ನ ಒಂದು ತಿಂಗಳ ಹಿಂದೆ ಹೇಳೋಕೆ ಏನಾಗಿತ್ತು?"

"ನೀನು ಕೇಳೋಕೆ ನಿಂತಿದ್ಯಾ? ಅರ್ಧ ಮಾತಿಗೇ ಮೆಟ್ಟಿಲು ಹತ್ತಿರ್ತಿದ್ದೆ."

ಆರ್ವಿಲ್‌ನ ಚೀಟಿಯ ನಕಲು ಕೇಳಿ ಅಣೆಕಟ್ಟಿನ ಕಚೇರಿಗೆ ಬರೆದು ಹಾಕಿದೆ. ವಾಪಸ್ ಬರುವಾಗ ಸುಮ್ಮನೆ ಹಳೆಯ ಬಸ್ ದಾರಿಯಲ್ಲೇ ಒಂದು ಸುತ್ತು ಹಾಕಿದೆ. ಯಾರೂ ಹತ್ತಲಿಲ್ಲ, ಇಳಿಯಲಿಲ್ಲ.

ಮಾರ್ಚ್ ೧೪, ಗುರುವಾರ

ಚೀಟಿ ಬಂತು. ಅಂಚೆಪೆಟ್ಟಿಗೆಯ ಹತ್ತಿರವೇ ಒಡೆದು ಓದಿದೆ.

"ಗಂಡು ಶಿಶು, ಐದು ತಿಂಗಳು, ಟೀಗ್ ಮನೆತನ. ಹತ್ತಿರದ ನೆಂಟ: ತಂದೆ, ರೂಫಸ್ ಟೀಗ್. ಎತ್ತುವುದು ಬೇಡ." ಕೆಳಗೆ ಅಜ್ಜನ ಸಹಿ. ಅವನ ಅಕ್ಷರ ನನಗೆ ಗೊತ್ತು, ಬೇಲಿಯ ಗೂಟ ನೆಟ್ಟ ಹಾಗೆ ಬರೆಯುತ್ತಿದ್ದ. ಅದರ ಕೆಳಗೆ ಅಧಿಕಾರಿ ಪೆನ್ಸಿಲಿನಲ್ಲಿ ಗೀಚಿದ್ದು: "ಪೆಟ್ಟಿಗೆಯನ್ನು ತಂದೆಯೇ ಹಳೆಯ ತೆಳು ಹಲಗೆಯಿಂದ ಮಾಡಿದ್ದು. ಎತ್ತಿದರೆ ಉಳಿದಿರದು, ತಾಯಿ ನೋಡಿದರೆ ತಡೆಯಲಾರಳು ಎನ್ನುತ್ತಾನೆ. ಅವಳಿಗೆ ತಿಳಿಸಬೇಡಿರೆಂದು ಕೋರಿಕೆ."

ಆರ್ವಿಲ್ ಗುಡ್ಡದ ಮೇಲೆ ಇಲ್ಲ. ಅಣೆಕಟ್ಟಿನ ಕೆರೆಯ ತಳದಲ್ಲಿದ್ದಾನೆ. ಅಜ್ಜ ಗುಡ್ಡ ಹತ್ತಿ, ಯಾವುದೋ ಒಂದು ಚಿಕ್ಕ ದಿಬ್ಬ ನೋಡಿ, ಅದನ್ನು ತೋರಿಸಿಬಿಟ್ಟ.

ಎಷ್ಟು ಹೊತ್ತು ನಿಂತಿದ್ದೆನೋ. ಪಕ್ಕದ ಮನೆಯವಳು ಬಂದು "ಯಾರಾದ್ರೂ ಹೋದ್ರಾ?" ಅಂತ ಕೇಳಿದಳು.

ಮಾರ್ಚ್ ೧೫, ಶುಕ್ರವಾರ

ಜೊರೆಟ್ಟಾಗೆ ಹಿತ್ತಲಿನಲ್ಲಿ ಚೀಟಿ ತೋರಿಸಿದೆ. ಅವಳು ಬಟ್ಟೆ ಒಣಹಾಕುತ್ತಿದ್ದಳು. ಎರಡು ಸಲ ಓದಿದಳು. ಮಡಚಿ ನನ್ನ ಕೋಟಿನ ಜೇಬಿಗೇ ತುರುಕಿದಳು.

"ಸುಟ್ಟಾಕು."

"ಸುಳ್ಳು ಇದು, ಜೊರೆಟ್ಟಾ. ಎಂಬತ್ತು ವರ್ಷದ ಸುಳ್ಳು."

"ಅಜ್ಜಿ ಆ ಸುಳ್ಳನ್ನೇ ನಂಬ್ಕೊಂಡು ನೆಮ್ಮದಿಯಾಗಿ ಕಣ್ಣು ಮುಚ್ಚಿದ್ಲು. ಅಮ್ಮಾನೂ ಮುಚ್ಲಿ. ನಿಂದೇನು ಗಂಟು ಹೋಗುತ್ತೆ?"

"ಯಾರ್ದೋ ಮಗು ಪಕ್ಕ ಅಮ್ಮನ್ನ ಮಲಗಿಸ್ಲಾ?"

"ಸೋರಿ ಹೋಗ್ತಿರೋ ಜೀವಕ್ಕೆ ನೆಲದ ಲೆಕ್ಕ ಒಪ್ಪಿಸ್ತೀಯಾ? ನಿಂಗೆ ಕಾಗದ ಬೇಕಿತ್ತು, ಸಿಕ್ತು. ಈಗ ಮನೇಲಿ ಕೂತ್ಕೋ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವಳು ಹೇಳುವುದು ಸರಿ ಇರಬಹುದು. ಆದರೆ ಕೂತರೆ ಆ ಪೆನ್ಸಿಲಿನ ಅಕ್ಷರವೇ ಕಣ್ಣ ಮುಂದೆ ಬರುತ್ತದೆ. ನಿಂತರೂ ಬರುತ್ತದೆ.

ಮಾರ್ಚ್ ೨೨

ಸುಡಲಿಲ್ಲ. ನಲವತ್ತೇಳರ ಚೀಟಿಯನ್ನೂ ತರಿಸಿದೆ. "ಓಪಲ್ ಬ್ರೀಡನ್. ಹೆಣ್ಣು. ಎರಡು ವರ್ಷ. ೧೯೩೮. ಎತ್ತಬೇಕು. ಸಹಿ: ತಾಯಿ."

ಇಷ್ಟು ವರ್ಷ ಆ ತಾಯಿ ಎಲ್ಲಿದ್ದಳು?

ಏಪ್ರಿಲ್ ೨, ಮಂಗಳವಾರ

ಬೆಟ್ಟದ ಆಚೆ ಒಬ್ಬ ಬ್ರೀಡನ್ ಇದ್ದಾನೆ ಅಂತ ಹೋಬರ್ಟ್ ಪತ್ತೆ ಮಾಡಿಕೊಟ್ಟ. ಲೂಥರ್, ವಯಸ್ಸು ಎಂಬತ್ತು, ಓಪಲ್‌ಳ ತಮ್ಮ. ಅವಳು ಹೋದ ಎಷ್ಟೋ ವರ್ಷದ ಮೇಲೆ ಹುಟ್ಟಿದವನು. ವರಾಂಡದಲ್ಲಿ ಗರಗಸದ ಹಲ್ಲು ಮಸೆಯುತ್ತಿದ್ದ. ಹೆಸರು ಹೇಳಿದೆ, ಊರು ಹೇಳಿದೆ. ಮಸೆಯುತ್ತಲೇ ಇದ್ದ. ನಲವತ್ತೇಳನೆಯ ಕಲ್ಲು ಅಂದೆ. ನಿಲ್ಲಿಸಿದ.

"ಹಾಗಾದ್ರೆ ನೀವೇನಾ ಅವರು?" ಅಂದ.

"ಯಾರು?"

"ಹೂ ಇಡೋರು."

ಬೈಸಿಕೊಳ್ಳುವುದಕ್ಕೆ ತಯಾರಾಗಿ ನಿಂತೆ. ಅವನು ಕುರ್ಚಿ ಎಳೆದ. "ಕೂತ್ಕೊಳಿ, ನಿಂತವರ ಜೊತೆ ನಂಗೆ ಮಾತಾಡೋಕೆ ಬರಲ್ಲ," ಅಂದ. ಕೂತೆ.

ಕಣಿವೆ ಮುಳುಗಿ ಅವರು ಬೆಟ್ಟ ದಾಟಿ ಬಂದ ಮೇಲೆ ಹತ್ತು ವರ್ಷ ಅವನ ತಾಯಿಗೆ ಆ ಕಡೆ ತಲೆ ಹಾಕಲು ಧೈರ್ಯ ಬರಲಿಲ್ಲವಂತೆ. ಇವನಿಗೆ ಎಂಟಿದ್ದಾಗ ಒಂದು ಸಿಂಗಾರದ ಭಾನುವಾರ ಯಾರದ್ದೋ ಟ್ರಕ್ಕಿನಲ್ಲಿ ಇವನನ್ನೂ ಕೂರಿಸಿಕೊಂಡು ಬಂದಳಂತೆ, ಕೈಯಲ್ಲಿ ಮೇಣದ ಕಾಗದದ ಹೂ.

"ನಾವು ಬೇಲಿ ಹತ್ರ ಬರೋ ಹೊತ್ಗೆ ಅಲ್ಲೊಬ್ಬ ಹೆಂಗ್ಸು ಮೊಣಕಾಲೂರಿ ಹುಲ್ಲು ಕೀಳ್ತಿದ್ಲು. ಜೊತೇಲಿ ಹದಿನೆಂಟರ ಹುಡುಗಿ. ಆ ಹೆಂಗ್ಸು ಹಾಡ್ತಿದ್ಲು. ಮಗು ಮಲಗಿಸೋ ಹಾಡು. ನಮ್ಮಮ್ಮ ಬೇಲಿ ಹಿಡ್ಕೊಂಡು ಪೂರ್ತಿ ಕೇಳಿದ್ಲು."

"ಹೋಗಿ ಹೇಳ್ಲಿಲ್ವಾ, ಇದು ನಮ್ಮ ಮಗು ಅಂತ?"

"ನಾನೂ ಅದ್ನೇ ಕೇಳ್ದೆ. 'ಸುಮ್ನಿರೋ, ಆ ತಾಯಿಗೆ ಬೇಕಾಗಿದೆ. ನಮ್ಮ ಓಪಲ್‌ಗೂ ಬೇಕಾಗಿದೆ,' ಅಂದ್ಲು. ಹೂವನ್ನ ಬೇಲಿಗೇ ಸಿಕ್ಸಿ ವಾಪಸ್ ಬಂದ್ವಿ. ಆಮೇಲೆ ಸಾಯೋ ತನಕ ಒಂದ್ಸಲನೂ ಕೊರಗ್ಲಿಲ್ಲ. 'ನೋಡ್ಕೊಳ್ಳೋರಿದಾರೆ' ಅನ್ನೋಳು."

ಮಜ್ಜಿಗೆ ಕೊಟ್ಟ. ಎರಡು ಲೋಟ ಕುಡಿದೆ. ಹೊರಟಾಗ ಹೊತ್ತು ಮುಳುಗುತ್ತಿತ್ತು. ಬರುವಾಗ ಎರಡು ಕಡೆ ಕಾರು ನಿಲ್ಲಿಸಿ ಅತ್ತೆ. ಆ ಹದಿನೆಂಟರ ಹುಡುಗಿ ನನ್ನಮ್ಮ.

ಏಪ್ರಿಲ್ ೯, ಮಂಗಳವಾರ

ಓಪಲ್ ಹೆಸರಿಗಾಗಿ ಚರ್ಚಿನ ಇನ್ನೊಂದು ಹಳೆಯ ಪುಸ್ತಕ ನೋಡಲು ಬೆಳಿಗ್ಗೆ ಹತ್ತಕ್ಕೆ ಬರಹೇಳಿದ್ದರು. ಅಮ್ಮನ ಕೂದಲು ಸಿಕ್ಕಾಗಿತ್ತು, ಬಿಡಿಸುತ್ತಾ ಕೂತೆ. ತುದಿಯಿಂದ ಶುರುಮಾಡಬೇಕು, ಇಲ್ಲದಿದ್ದರೆ ಎಳೆದು ನೋಯುತ್ತದೆ. ಮಧ್ಯಾಹ್ನವಾಗಿಬಿಟ್ಟಿತ್ತು. ಪುಸ್ತಕಕ್ಕೆ ಇನ್ನೊಂದು ದಿನ ಹೋದರಾಯಿತು.

ಹೇಳಬೇಕು. ಹೇಗೆ ಹೇಳಲಿ? "ಕಲ್ಲಿನ ಕೆಲಸ ಎಲ್ಲಿಗೆ ಬಂತು?" ಅಂತ ಅಮ್ಮ ದಿನಾ ಕೇಳುತ್ತಾಳೆ. ದಿನಾ "ಆಗ್ತಿದೆ" ಅನ್ನುತ್ತೇನೆ. ಅಜ್ಜನನ್ನು ಸುಳ್ಳುಗಾರ ಎಂದವಳು ನಾನು.

ಏಪ್ರಿಲ್ ೧೧, ಗುರುವಾರ

ಹೇಳಿದೆ. ಎರಡೂ ಚೀಟಿ ಓದಿ ಹೇಳಿದೆ, ಲೂಥರ್ ಹೇಳಿದ್ದನ್ನೂ ಹೇಳಿದೆ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು.

ಊಟ ಬೇಡ ಅಂದಳು. ಮಾತ್ರೆ ಬೇಡ ಅಂದಳು.

"ಈಗ ತಣ್ಣಗಾಯ್ತಾ ಹೊಟ್ಟೆ?" ಅಂದಳು ಜೊರೆಟ್ಟಾ.

ಏಪ್ರಿಲ್ ೧೨

ಮಾತಿಲ್ಲ. ನಾಲ್ಕು ಚಮಚ ಸೂಪು.

ಏಪ್ರಿಲ್ ೧೩

ನಾನೇ ಕೊಂದುಬಿಟ್ಟೆನೇ? ಹಾಸಿಗೆಯ ಪಕ್ಕದ ಕುರ್ಚಿಯಲ್ಲೇ ಇದ್ದೇನೆ. ಕಾರಿನ ಕೀಲಿ ಎಲ್ಲಿಟ್ಟೆನೋ ನೆನಪಿಲ್ಲ.

ಏಪ್ರಿಲ್ ೧೪, ಭಾನುವಾರ

ಬೆಳಿಗ್ಗೆ ಅಮ್ಮ ಕಣ್ಣು ಬಿಟ್ಟು, "ನೀರು ಇನ್ನೂ ಕೆಳಗಿದೆಯಾ?" ಅಂದಳು.

ಚಳಿಗಾಲದಲ್ಲಿ ಕೆರೆಯ ನೀರು ಇಳಿಸುತ್ತಾರೆ, ವಸಂತದಲ್ಲಿ ತುಂಬಿಸುತ್ತಾರೆ. ಅರ್ಧ ಏರಿತ್ತು. "ಇದೆ ಅಮ್ಮ, ಸ್ವಲ್ಪ," ಅಂದೆ.

"ಕರ್ಕೊಂಡ್ ಹೋಗು."

ಜೊರೆಟ್ಟಾ ಬೇಡ ಅನ್ನುತ್ತಾಳೆ ಅಂದುಕೊಂಡೆ. ಅವಳು ಹೋಗಿ ಕಂಬಳಿ ತಂದಳು, ಗಾಲಿಕುರ್ಚಿ ಮಡಚಿದಳು, ಕೀಲಿಯನ್ನೂ ಹುಡುಕಿ ಕೊಟ್ಟಳು.

ದೋಣಿ ಇಳಿಸುವ ಜಾಗದಲ್ಲಿ ನಿಲ್ಲಿಸಿದೆವು. ಕೆಂಪು ಕೆಸರು, ಕಡಿದ ಮರಗಳ ಬುಡ, ಆಮೇಲೆ ನೀರು. ಹಳೆಯ ನಕ್ಷೆ ಹಿಡಿದು ತೋರಿಸಿದೆ: ಆ ಬುಡಗಳ ಸಾಲಿನ ಆಚೆ, ಎಡಕ್ಕೆ, ಅಲ್ಲಿತ್ತು ಗೋರಿಗಳ ದಿಣ್ಣೆ. ಅಮ್ಮ ತುಂಬಾ ಹೊತ್ತು ನೋಡಿದಳು.

"ಅಪ್ಪ ಪ್ರತಿ ಭಾನುವಾರ ಮಧ್ಯಾಹ್ನ ಮೀನು ಹಿಡಿಯೋಕೆ ಇಲ್ಲಿಗೇ ಬರ್ತಿದ್ದ," ಅಂದಳು. "ಇದೇ ಜಾಗಕ್ಕೆ. ಒಬ್ಬನೇ. ಒಂದಿನ ಒಂದು ಮೀನು ತಂದೋನಲ್ಲ. ಅಮ್ಮ ಬೈಯೋಳು, 'ಗಾಳಕ್ಕೆ ಹುಳಾನಾದ್ರೂ ಸಿಕ್ಕಿಸ್ತೀಯೋ ಇಲ್ವೋ ಮಾರಾಯ' ಅಂತ. ನಾವೆಲ್ಲ ಬಿದ್ದುಬಿದ್ದು ನಗ್ತಿದ್ವಿ."

ಜೊರೆಟ್ಟಾ ಮೂಗು ಒರೆಸಿಕೊಂಡಳು.

"ನಗಬಾರದಿತ್ತು," ಅಂದಳು ಅಮ್ಮ. "ಪಾಪ, ಸಾಯೋ ತನಕ ಒಬ್ಬನೇ ಹೊತ್ತ."

ನಾನು ಅಜ್ಜನಿಗೆ ಒಂದು ತಿಂಗಳಿಂದ ಹಾಕುತ್ತಿದ್ದ ಶಾಪವನ್ನೆಲ್ಲ ನುಂಗಿಕೊಂಡೆ. ಅವನು ಮಗನನ್ನು ಬಿಟ್ಟುಬಂದವನಲ್ಲ.

ಗಾಳಿ ತಣ್ಣಗಾಯಿತು. ಹೊರಡೋಣವಾ ಅಂದೆ. ಅಮ್ಮ ತಲೆ ಅಲ್ಲಾಡಿಸಿ, "ಆ ಹುಡುಗಿ ಹೆಸರೇನಂದೆ?" ಅಂದಳು.

"ಓಪಲ್."

"ಓಪಲ್." ಬಾಯಲ್ಲಿ ಒಂದು ಸಲ ಹೇಳಿ ನೋಡಿದಳು. "ಹಾಗಾದ್ರೆ ಓಪಲ್ ಅಂತ್ಲೇ ಕೆತ್ಸು. ನಾನು ಇಷ್ಟ್ ವರ್ಷ ಬೇರೆ ಹೆಸರಲ್ಲಿ ಕರೆದಿದೀನಿ, ಆ ಮಗು ಏನಂದ್ಕೊಂಡ್ತೋ."

"ನಿನ್ನ ಜಾಗ ಅಮ್ಮ? ಬೇರೆ ಕಡೆ ಕೇಳ್ಲಾ?"

ತೊಂಬತ್ತರ ಮುದುಕಿ ನನ್ನನ್ನು ಆರು ವರ್ಷದವಳನ್ನು ನೋಡುವ ಹಾಗೆ ನೋಡಿದಳು. "ಎಂಬತ್ತು ವರ್ಷ ಅವಳ ಮೈಮೇಲಿನ ಹುಲ್ಲು ಕಿತ್ತಿದೀನಿ ಕಣೇ. ಈಗ ಬೇರೆ ಮನೆ ಮಗು ಅಂತ ಗೊತ್ತಾಯ್ತು ಅಂತ ಎದ್ದು ಹೋಗ್ಲಾ?"

ಏಪ್ರಿಲ್ ೩೦, ಮಂಗಳವಾರ

ಸಮಿತಿ. ಲೂಥರ್ ಬಂದು ಸಹಿ ಹಾಕಿದ. ಕ್ಲೀಟಸ್ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಒಂದು ಹೆಸರಿಗೆ ಕಾಗದ ತಗೊಂಬಾ ಅಂದ್ರೆ ಇನ್ನೊಂದು ಹೆಸರಿಗೆ ತಂದಿದೀಯಲ್ಲ," ಅಂದ.

"ನಿಯಮ ನಿಮ್ಮದೇ," ಅಂದೆ. ಬಿಸ್ಕತ್ತಿನ ತಟ್ಟೆ ನನ್ನ ಕಡೆಗೆ ತಳ್ಳಿದ.

ಹೋಬರ್ಟ್ ಫೋನ್ ಮಾಡಿದ್ದ. ನೆಲಮಾಳಿಗೆಗೆ ಬಂದು ಎಷ್ಟೋ ದಿನ ಆಯಿತಲ್ಲ, ಹುಷಾರಿಲ್ಲವಾ ಅಂತ. ಅಮ್ಮನಿಗೆ ಸ್ನಾನ ಮಾಡಿಸುತ್ತಿದ್ದೆ, ಆಮೇಲೆ ಮಾಡುತ್ತೇನೆ ಅಂದೆ. ಮರೆತೇಹೋಯಿತು.

ಮೇ ೧೯, ಭಾನುವಾರ

ಅಮ್ಮ ಗುಡ್ಡ ಹತ್ತಿದಳು. ಹತ್ತಿದಳು ಅಂದರೆ ಕ್ಲೀಟಸ್‌ನ ಮಕ್ಕಳು ಕುರ್ಚಿ ಸಮೇತ ಎತ್ತಿಕೊಂಡು ಬಂದರು. "ನಿಮ್ಮ ಬಸ್ಸಿಗಿಂತ ಮೆತ್ತಗೆ ಓಡಿಸ್ತಿದೀವಿ ಅಲ್ವಾ, ಮಿಸ್ ಆರ್ಡಿತ್?" ಅಂತ ಹಲ್ಲು ಕಿರಿದರು.

ಗುಡ್ಡದ ತುಂಬ ಜನ, ಗೋರಿಗಳ ತುಂಬ ಹೂ, ಮರದಡಿಯ ಉದ್ದ ಮೇಜಿನ ಮೇಲೆ ಕರಿದ ಕೋಳಿ, ಸೇಬಿನ ಪದರದ ಕೇಕು. ಹೊಳೆಗಲ್ಲನ್ನು ತೆಗೆಯಲಿಲ್ಲ, ಅದರ ಮೇಲೇ ಕೆತ್ತಿದ್ದಾರೆ: ಓಪಲ್ ಬ್ರೀಡನ್, ೧೯೩೬–೧೯೩೮. ಜೊರೆಟ್ಟಾ ಮಣ್ಣು ಗುಪ್ಪೆ ಮಾಡಿದಳು, ನಾನು ಹುಲ್ಲು ಕೆರೆದೆ. ಅಮ್ಮ ಕುರ್ಚಿಯಿಂದಲೇ ಇಬ್ಬರ ಕೆಲಸದಲ್ಲೂ ತಪ್ಪು ಹುಡುಕಿದಳು.

ಆಗ ನೋಡಿದೆ. ಲೂಥರ್ ಬೇಲಿಯ ಹತ್ತಿರ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಹಿಡಿ ಹೂ. ಅವನ ಅಕ್ಕನ ಗೋರಿಗೆ ಬರಲು ಅವನೇ ಹಿಂಜರಿಯುತ್ತಿದ್ದ. ಎದ್ದು ಕರೆಯೋಣ ಅನ್ನುವಷ್ಟರಲ್ಲಿ ಅಮ್ಮ ಕಂಡಳು.

"ಯಾರಪ್ಪ ಅದು? ಅಲ್ಲೇ ಯಾಕ್ ನಿಂತೆ?"

ಅವನು ಟೊಪ್ಪಿಗೆ ತೆಗೆದು ಬಂದ. "ಅಮ್ಮ, ನಾನು ಓಪಲ್ ತಮ್ಮ. ನಿಮ್ಮ ಅಪ್ಪಣೆ ಇದ್ರೆ ಈ ಹೂ ಇಡ್ಬೇಕು ಅಂತ."

"ನನ್ನ ಅಪ್ಪಣೆ!" ಅಂದಳು ಅಮ್ಮ. "ಈ ಕಡೆಯಿಂದ ಬಾ. ಆ ಕಡೆ ತಲೆ. ತುಳೀಬೇಡ."

ಅವನು ಕಷ್ಟಪಟ್ಟು ಮೊಣಕಾಲೂರಿ ಹೂ ಇಟ್ಟ. ಏಳಲಿಲ್ಲ. "ನಂಗೆ ಇವಳ ಬಗ್ಗೆ ಏನೇನೂ ಗೊತ್ತಿಲ್ಲ," ಅಂದ, ಕಲ್ಲಿಗೋ ನಮಗೋ. "ಒಂದು ಫೋಟೋ ಕೂಡ ಇಲ್ಲ. ನಮ್ಮಮ್ಮ ಹೇಳ್ತಿರ್ಲಿಲ್ಲ. ಕೇಳೋಕೆ ಈಗ ಯಾರೂ ಇಲ್ಲ."

ಅಮ್ಮ ಕುರ್ಚಿಯನ್ನು ಹತ್ತಿರ ತಳ್ಳು ಅಂದಳು. ತಳ್ಳಿದೆ. ಬಗ್ಗಿ ಅವನ ಹೆಗಲ ಮೇಲೆ ಕೈಯಿಟ್ಟಳು.

"ನಂಗೊತ್ತು, ಕೇಳು," ಅಂದಳು. "ಗಲಾಟೆ ಮಗು ಅಲ್ಲ. ಬಿಸಿಲು ಜಾಸ್ತಿ ಆದ್ರೆ ಆಗಲ್ಲ ಇವಳಿಗೆ, ಅದಕ್ಕೆ ಆ ಗಿಡ ನೆಟ್ಟೆ. ಕಾಲ ಹತ್ರ ಪ್ರತಿ ಏಪ್ರಿಲಲ್ಲೂ ನೇರಳೆ ಹೂ ಬರುತ್ತೆ, ಅದನ್ನ ಮಾತ್ರ ನಾನು ಕೀಳಲ್ಲ. ಐವತ್ತೆರಡನೇ ಇಸವೀಲಿ ಏನಾಯ್ತು ಅಂದ್ರೆ..."

ಲೂಥರ್ ಹುಲ್ಲಿನ ಮೇಲೆ ಕಾಲು ಮಡಚಿ ಕೂತ. ಅಮ್ಮ ಒಂದೊಂದೇ ವರ್ಷ ಹೇಳುತ್ತಾ ಬಂದಳು. ಊಟ ಮುಗಿಯಿತು, ಜನ ಇಳಿದುಹೋದರು, ಜೊರೆಟ್ಟಾ ಪಾತ್ರೆ ಎಲ್ಲ ಕಾರಿಗೆ ತುಂಬಿದಳು. ಅಮ್ಮ ಆಗಿನ್ನೂ ಎಪ್ಪತ್ತನೇ ಇಸವಿಯಲ್ಲಿದ್ದಳು. ನಾನು ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಕೂತು ಕೇಳುತ್ತಿದ್ದೆ.